ಹಳೇ ಬೆಂಜ್‌ನ ಮುಳ್ಳು, ದೀಪಗಳನ್ನು ಓದುವುದು ಹೇಗೆ?

ಕೀ ತಿರುಗಿಸಿದ ತಕ್ಷಣ ನಮ್ಮ ಚಿಕ್ಕಪ್ಪ ಕಾರು ಸ್ಟಾರ್ಟ್ ಮಾಡುವುದಿಲ್ಲ. ಎಣಿಸುತ್ತಾರೆ. ಒಂದು, ಎರಡು, ಮೂರು... ಒಂಬತ್ತು ಬಂದರೆ ಸ್ಟಾರ್ಟ್. ಎಂಟಕ್ಕೇ ನಿಂತರೆ ಕೀ ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಎಣಿಕೆ. ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತ ಚಿಕ್ಕಮ್ಮ, "ನಾವು ಹೋಗ್ತಿರೋದು ಮದುವೆ ಊಟಕ್ಕೆ ಮಾರಾಯ್ರೆ, ಓಟು ಎಣಿಸೋಕಲ್ಲ" ಎಂದು ಗೊಣಗುತ್ತಾರೆ.

ಅವರು ಎಣಿಸುವುದು ಡ್ಯಾಶ್‌ಬೋರ್ಡಿನ ದೀಪಗಳನ್ನು. ಈ ಅಭ್ಯಾಸ ಸುಮ್ನೆ ಬಂದದ್ದಲ್ಲ. ಇದರ ಹಿಂದೆ ಎರಡು ಹೊಸ ಬ್ಯಾಟರಿಗಳ ದುಡ್ಡು ಹೋದ ಕಥೆಯಿದೆ.

ಕಾರು 1996ರ ಮರ್ಸಿಡಿಸ್ ಇ 220. ಬೆಂಜ್ ಪ್ರಿಯರ ಬಾಯಲ್ಲಿ ಡಬ್ಲ್ಯೂ 124. 1995ರಲ್ಲಿ ಪುಣೆಯಲ್ಲಿ ಈ ಮಾದರಿಯ ಜೋಡಣೆ ಶುರುವಾಯಿತು. ನಮ್ಮ ದೇಶದಲ್ಲಿ ತಯಾರಾದ ಮೊದಲ ಮರ್ಸಿಡಿಸ್ ಕಾರು ಇದೇ. ಚಿಕ್ಕಪ್ಪ ಅದನ್ನು ಕೊಂಡದ್ದು ಮೂರನೆಯವರೋ ನಾಲ್ಕನೆಯವರೋ ಆಗಿ. ಚಿಕ್ಕಮಗಳೂರಿನ ಆಲ್ದೂರು ಕಡೆಯ ತೋಟದ ಶೆಡ್ಡಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಕ್ಕ ಅದರ ವಾಸ. ಕಾಫಿ ರೇಟು ಚೆನ್ನಾಗಿದ್ದ ವರ್ಷ ಕೊಂಡದ್ದು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಈಗಿನ ಕಾರುಗಳು ಏನಾದರೂ ಕೆಟ್ಟರೆ ಅಕ್ಷರದಲ್ಲಿ ಬರೆದು ತೋರಿಸುತ್ತವೆ. ಹಳೆಯವು ಹಾಗಲ್ಲ. ಅವುಗಳ ಹತ್ತಿರ ಇರುವುದು ಕೆಲವು ಮುಳ್ಳು, ಕೆಲವು ಪುಟ್ಟ ಚಿತ್ರದ ದೀಪ, ಅಷ್ಟೆ. ಆ ಚಿತ್ರಗಳನ್ನು ಗುರುತು ಹಿಡಿಯಲು ಅರ್ಧ ಗಂಟೆ ಸಾಕು. ಅವು ಯಾವಾಗ ನಿಜ ಹೇಳುತ್ತವೆ, ಯಾವಾಗ ಸುಳ್ಳು ಹೇಳುತ್ತವೆ, ಯಾವಾಗ ಬಾಯೇ ಬಿಡುವುದಿಲ್ಲ ಅನ್ನುವುದನ್ನು ಕಲಿಯಲು ಚಿಕ್ಕಪ್ಪನಿಗೆ ಎರಡು ಮಳೆಗಾಲ ಬೇಕಾಯಿತು.

ಬ್ಯಾಟರಿ ದೀಪದ ಕಥೆ

ಕಾರು ಮನೆಗೆ ಬಂದ ಹೊಸತರಲ್ಲಿ ನಾಲ್ಕು ದಿನಕ್ಕೊಮ್ಮೆ ಬ್ಯಾಟರಿ ಇಳಿದುಹೋಗುತ್ತಿತ್ತು. ತೋಟದ ಆಳುಗಳೆಲ್ಲ ಸೇರಿ ತಳ್ಳಬೇಕು. ಹೊಸ ಬ್ಯಾಟರಿ ಹಾಕಿಸಿದರು. ಅದೂ ಇಳಿಯಿತು. ಅಂಗಡಿಯವನ ಜೊತೆ ಜಗಳವಾಡಿ ಇನ್ನೊಂದು ಹಾಕಿಸಿದರು. ಅದರದ್ದೂ ಅದೇ ಕಥೆ. "ಡೈನಮೋ ಹೋಗಿದೆ" ಎಂದರು ಒಬ್ಬರು. ಡೈನಮೋ ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಬಿಚ್ಚಿ ಪರೀಕ್ಷಿಸಿದರೆ ಅದು ಚೆನ್ನಾಗಿಯೇ ಇತ್ತು.

ಕೊನೆಗೆ ಹಾಸನದ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಬಂದು ಬಾನೆಟ್ ತೆಗೆಯಲೇ ಇಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದ. ಡ್ಯಾಶ್‌ಬೋರ್ಡ್ ನೋಡಿದ. "ಬ್ಯಾಟರಿ ಲೈಟ್ ಎಲ್ಲಿ ಸರ್?" ಎಂದು ಕೇಳಿದ. ಲೈಟ್ ಹತ್ತಿರಲಿಲ್ಲ. ಅದು ಹತ್ತಿಲ್ಲವಲ್ಲ, ಎಲ್ಲ ಸರಿಯಿದೆ ಎಂದು ಚಿಕ್ಕಪ್ಪ ಅಷ್ಟು ದಿನ ಖುಷಿಯಾಗಿದ್ದರು.

ವಿಷಯ ಹೀಗೆ. ಹಳೇ ಕಾರುಗಳಲ್ಲಿ ಬ್ಯಾಟರಿ ಚಿತ್ರದ ದೀಪ ಬರೀ ಸೂಚನೆಗೆ ಇರುವುದಲ್ಲ. ಕೀ ಹಾಕಿದಾಗ ಬ್ಯಾಟರಿಯಿಂದ ಸ್ವಲ್ಪ ಕರೆಂಟು ಆ ಬಲ್ಬಿನ ಮೂಲಕವೇ ಹಾದು ಆಲ್ಟರ್ನೇಟರಿನ ಒಳಗಿನ ಸುರುಳಿಗೆ ಹೋಗುತ್ತದೆ. ಆಗ ಅಲ್ಲಿ ಅಯಸ್ಕಾಂತ ಶಕ್ತಿ ಎಚ್ಚರವಾಗುತ್ತದೆ. ಎಂಜಿನ್ ತಿರುಗಿದಾಗ ಆಲ್ಟರ್ನೇಟರ್ ಕರೆಂಟು ಹುಟ್ಟಿಸಲು ಶುರು ಮಾಡುತ್ತದೆ. ಬಲ್ಬಿನ ಎರಡೂ ಕಡೆ ವೋಲ್ಟೇಜ್ ಸಮ ಆದಾಗ ದೀಪ ಆರುತ್ತದೆ. ಒಲೆ ಹೊತ್ತಿಸಲು ಮೊದಲು ಒಂದು ಕಡ್ಡಿ ಗೀರಬೇಕಲ್ಲ, ಆ ಕಡ್ಡಿಯ ಕೆಲಸ ಈ ಬಲ್ಬಿನದ್ದು. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುವೇ ಮಾಡದಿರಬಹುದು. ಅಥವಾ ಯಾವಾಗಲೋ ಜೋರಾಗಿ ರೇಸ್ ಮಾಡಿದಾಗ ಮಾತ್ರ ಏಳಬಹುದು.

ಕೊಟ್ಟಿಗೆಹಾರದಲ್ಲಿ ಒಂದು ಪ್ಲೇಟು ನೀರುದೋಸೆಗೆ ಕೊಡುವಷ್ಟೂ ಆ ಬಲ್ಬಿಗೆ ಆಗಲಿಲ್ಲ. ಬಲ್ಬು ಹಾಕಿದ ಮೇಲೆ ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿದರೆ 14 ವೋಲ್ಟ್ ತೋರಿಸಿತು. ಸರಿಯಾಗಿ ಚಾರ್ಜ್ ಆಗುವ ಕಾರಿನಲ್ಲಿ ಸುಮಾರು 13.8ರಿಂದ 14.4ರ ಒಳಗೆ ಇರಬೇಕು. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ.

ಅವತ್ತಿನಿಂದ ಎಣಿಕೆ ಶುರು. ಹತ್ತಿಕೊಂಡು ಆರದ ದೀಪ ಎಲ್ಲರ ಕಣ್ಣಿಗೂ ಬೀಳುತ್ತದೆ. ಹತ್ತಲೇ ಇಲ್ಲದ ದೀಪವನ್ನು ಹುಡುಕಬೇಕು. ಕೀ ಎರಡನೇ ಹಂತಕ್ಕೆ ತಿರುಗಿಸಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮೊದಲು, ಎಚ್ಚರಿಕೆ ದೀಪಗಳು ಒಮ್ಮೆ ಹತ್ತಬೇಕು. ಅದು ಕಾರು ತನ್ನ ಬಲ್ಬುಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ರೀತಿ. ಚಿಕ್ಕಪ್ಪನ ಕಾರಿನಲ್ಲಿ ಲೆಕ್ಕ ಒಂಬತ್ತು. ನಿಮ್ಮದರಲ್ಲಿ ಬೇರೆ ಇರುತ್ತದೆ. ಕಾರಿನ ಪುಸ್ತಕ ನೋಡಿ ಒಂದು ಸಲ ಲೆಕ್ಕ ಹಾಕಿಟ್ಟುಕೊಳ್ಳಿ.

ಬಿಸಿಯ ಮುಳ್ಳು

ಈ ಕಾರಿನ ಡ್ಯಾಶ್‌ಬೋರ್ಡಿನ ನಡುವೆ ದೊಡ್ಡ ಸ್ಪೀಡೋಮೀಟರ್. ಬಲಗಡೆ ಆರ್‌ಪಿಎಂ ಮತ್ತು ಗಡಿಯಾರ. ಎಡಗಡೆಯ ದುಂಡಿನೊಳಗೆ ಪೆಟ್ರೋಲ್, ಎಂಜಿನ್ ಬಿಸಿ, ಆಯಿಲ್ ಪ್ರೆಶರ್ ಮತ್ತು ಇಕಾನಮಿ ಎಂಬ ಇನ್ನೊಂದು ಮುಳ್ಳು. ಇಕಾನಮಿಯನ್ನು ಮರೆತುಬಿಡಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಳಗಿನ ಗಾಳಿಯ ಸೆಳೆತ ಎಷ್ಟು ಬದಲಾಯಿತು ಎಂದು ಅದು ತೋರಿಸುತ್ತದೆ. ಘಾಟಿ ಹತ್ತುವಾಗ ಕೆಂಪಿಗೆ ಹೋಗುತ್ತದೆ. ಹೋಗಲಿ ಬಿಡಿ.

ನಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದದ್ದು ಬಿಸಿಯ ಮುಳ್ಳು. ಅದರಲ್ಲಿ 40, 80, 120 ಎಂದು ಡಿಗ್ರಿ ಬರೆದಿರುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಈ ಮುಳ್ಳು ನಡುವೆ ಬಂದು ಅಲ್ಲೇ ಕೂರುವಂತೆ ಮಾಡಿರುತ್ತಾರೆ. ಒಳಗೆ ಹತ್ತು ಡಿಗ್ರಿ ಆಚೀಚೆ ಆದರೂ ಅದು ಅಲ್ಲಾಡುವುದಿಲ್ಲ. ಹಳೇ ಬೆಂಜ್‌ನ ಮುಳ್ಳು ಹಾಗಲ್ಲ. ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಸಮತಟ್ಟಾದ ಕಡೂರು ರಸ್ತೆಯಲ್ಲಿ 85. ಸಂಜೆ ಐ.ಜಿ. ರಸ್ತೆಯ ಟ್ರಾಫಿಕ್ಕಿನಲ್ಲಿ 95. ಏಸಿ ಹಾಕಿಕೊಂಡು ಮುಳ್ಳಯ್ಯನಗಿರಿ ಹತ್ತಿದರೆ 100 ದಾಟುತ್ತದೆ. ಹೊಸದಾಗಿ ಕೊಂಡವರು ಇದನ್ನು ನೋಡಿ ಹೆದರುತ್ತಾರೆ. 80ರಿಂದ 100ರ ನಡುವೆ ಓಡಾಡುವುದು ಸಹಜ. ನೂರರ ಮೇಲೆ ಹೋದದ್ದು ದಾರಿ ಸಮವಾದ ಕೂಡಲೇ ಇಳಿದರೆ ಅದೂ ಸರಿ. ಇಳಿಯದೆ ಏರುತ್ತಲೇ ಇದ್ದರೆ ಮಾತ್ರ ತೊಂದರೆ.

ನೂರು ಡಿಗ್ರಿಗೆ ನೀರು ಕುದಿಯಬೇಕಲ್ಲ ಎಂದು ಕೇಳಬಹುದು. ನಿಜ ಹೇಳಬೇಕೆಂದರೆ ಚಿಕ್ಕಮಗಳೂರಲ್ಲಿ ಅದಕ್ಕೂ ಮೊದಲೇ ಕುದಿಯುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿ ಬರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ ಸುಮಾರು 94ಕ್ಕೆ. ಆದರೆ ಕಾರಿನ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಇರುವುದು ತೆರೆದ ಪಾತ್ರೆಯಲ್ಲಲ್ಲ, ಕುಕ್ಕರಿನಲ್ಲಿ. ಕೂಲೆಂಟ್ ಡಬ್ಬಿಯ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಈ ಕಾರಿನಲ್ಲಿ ಅದು 1.4 ಬಾರ್ ಒತ್ತಡದವರೆಗೆ ಹಿಡಿದಿಡುತ್ತದೆ. ಅಷ್ಟು ಒತ್ತಡವಿದ್ದರೆ ಒಳಗಿನ ದ್ರವ 120 ಡಿಗ್ರಿಯಲ್ಲೂ ಕುದಿಯುವುದಿಲ್ಲ.

ಇಲ್ಲೊಂದು ಚಿಕ್ಕ ಮೋಸ ಅಡಗಿದೆ. ಮುಚ್ಚಳದ ರಬ್ಬರು ಹಳತಾಗಿ ಸಡಿಲವಾಗಿದ್ದರೆ ಒತ್ತಡ ನಿಲ್ಲುವುದಿಲ್ಲ. ಆಗ ಮುಳ್ಳು 100ರ ಹತ್ತಿರ ಇರುವಾಗಲೇ ಕೂಲೆಂಟ್ ಕುದಿದು ಉಕ್ಕುತ್ತದೆ. ಮೀಟರ್ ಪ್ರಕಾರ ಬಿಸಿ ಸಹಜ, ಬಾನೆಟ್ ಸಂದಿಯಲ್ಲಿ ಹಬೆ! ಜನ ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟಿನ ದಾರಿ ತೆರೆದು ಮುಚ್ಚುವ ಬಾಗಿಲು), ರೇಡಿಯೇಟರ್, ವಾಟರ್ ಪಂಪ್ ಎಲ್ಲ ಬದಲಿಸುತ್ತಾರೆ. ಎಲ್ಲಕ್ಕಿಂತ ಅಗ್ಗದ ಮುಚ್ಚಳವನ್ನು ಮಾತ್ರ ಹಾಗೇ ಬಿಡುತ್ತಾರೆ. ಮಲೆನಾಡಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಮೊದಲು ಬದಲಿಸಬೇಕಾದದ್ದು ಅದನ್ನೇ ಎಂದು ನನ್ನ ಅಭಿಪ್ರಾಯ.

ಮುಳ್ಳು ಏರುತ್ತಲೇ ಹೋದರೆ ಏನು ಮಾಡಬೇಕು? ಮೊದಲು ಏಸಿ ಆಫ್. ಹೀಟರ್ ಇದ್ದರೆ ಪೂರ್ತಿ ತಿರುಗಿಸಿ. ಸೆಕೆಯಲ್ಲಿ ಹೀಟರ್ ಹಾಕುವುದು ಹುಚ್ಚು ಅನ್ನಿಸಬಹುದು. ಆದರೆ ಹೀಟರ್ ಅಂದರೆ ಕಾರಿನೊಳಗಿನ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ ಬಿಸಿಯ ಒಂದು ಪಾಲನ್ನು ನಿಮ್ಮ ಮುಖಕ್ಕೆ ಊದಿ ಹೊರಹಾಕುತ್ತದೆ. ಆಮೇಲೆ ಗಾಡಿ ನಿಲ್ಲಿಸಲು ಜಾಗ ನೋಡಿ. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಕುಕ್ಕರಿನ ಒತ್ತಡ ಇಳಿಯುವ ಮೊದಲು ಮುಚ್ಚಳ ತೆಗೆದರೆ ಏನಾಗುತ್ತದೆ ಅಂತ ಮನೆಯಲ್ಲಿ ಯಾರನ್ನಾದರೂ ಕೇಳಿ.

ಇನ್ನು ಮುಳ್ಳಿನ ಸುಳ್ಳು. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಹೋಸ್ ಒಡೆದು ಕೂಲೆಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಸುತ್ತ ಬರೀ ಗಾಳಿ. ಆಗ ಮುಳ್ಳು ಏರುವ ಬದಲು ಇಳಿಯಬಹುದು! ಎಂಜಿನ್ ಒಳಗೆ ಬೇಯುತ್ತಿರುತ್ತದೆ, ಮೀಟರ್ ತಣ್ಣಗಿದೆ ಎನ್ನುತ್ತಿರುತ್ತದೆ. ಏರು ದಾರಿಯಲ್ಲಿ ಬಿಸಿಯ ಮುಳ್ಳು ತಟಕ್ಕನೆ ಕೆಳಗೆ ಬಿದ್ದರೆ ಸಮಾಧಾನ ಪಡಬೇಡಿ, ನಿಲ್ಲಿಸಿ. ಕೂಲೆಂಟ್ ಕಡಿಮೆಯಾದಾಗ ಹತ್ತುವ ಹಳದಿ ದೀಪ ಬೇರೆಯೇ ಇದೆ. ಅದು ಕೆಲಸ ಮಾಡುತ್ತಿದೆಯೇ ಎಂಬುದು ಬೆಳಗಿನ ಎಣಿಕೆಯಲ್ಲೇ ಗೊತ್ತಾಗಿರುತ್ತದೆ.

ಮುಳ್ಳು ಮೇಲೇಳದಿರುವುದೂ ಒಂದು ಸೂಚನೆ. ಹತ್ತು ಹದಿನೈದು ಕಿಲೋಮೀಟರ್ ಓಡಿದರೂ 60, 70ರಲ್ಲೇ ನಿಂತಿದ್ದರೆ, ಅಥವಾ ಚಾರ್ಮಾಡಿ ಇಳಿಯುವಾಗ ಜರ್ರನೆ ಕೆಳಗಿಳಿದರೆ, ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಜಾಸ್ತಿ. ಕಾರು ಕೈಕೊಡುವುದಿಲ್ಲ. ಪೆಟ್ರೋಲ್ ಮಾತ್ರ ಕುಡಿಯುತ್ತದೆ.

ಇನ್ನೊಂದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಪರೀಕ್ಷೆ. ಎಂಜಿನ್ ಓಡುವಾಗ ಹೆಡ್‌ಲೈಟ್ ಹಾಕಿ ಮುಳ್ಳುಗಳನ್ನು ನೋಡಿ. ಲೈಟ್ ಹಾಕಿದ ಕ್ಷಣವೇ ಬಿಸಿಯ ಮುಳ್ಳೋ ಪೆಟ್ರೋಲ್ ಮುಳ್ಳೋ ಜಿಗಿದರೆ ತೊಂದರೆ ಎಂಜಿನ್‌ನಲ್ಲಿ ಇಲ್ಲ. ಮೀಟರಿನ ಅರ್ಥಿಂಗ್ ವೈರು ಸಡಿಲವಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಹೆಡ್‌ಲೈಟ್ ಹಾಕಿದ್ದಕ್ಕೆ ಎಂಜಿನ್ ಕ್ಷಣದಲ್ಲಿ ಹತ್ತು ಡಿಗ್ರಿ ಬಿಸಿಯಾಗಲು ಸಾಧ್ಯವೇ? ಮಳೆ, ತೇವ, ಇಲಿ ಮೂರೂ ಇರುವ ಶೆಡ್ಡುಗಳಲ್ಲಿ ಇದು ಮಾಮೂಲು.

ಆಯಿಲ್: ಎಷ್ಟಿದೆ, ಎಷ್ಟು ಜೋರಾಗಿದೆ

ಆಯಿಲ್ ಪ್ರೆಶರ್ ಮುಳ್ಳು ಈಗಿನ ಕಾರುಗಳಲ್ಲಿ ಅಪರೂಪ. ಇದರಲ್ಲಿ 0ಯಿಂದ 3 ಬಾರ್‌ವರೆಗೆ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮುಳ್ಳು 3ಕ್ಕೆ ಹೋಗಿ ಅಲ್ಲೇ ಕೂರುತ್ತದೆ. ಓಡಿಸುವಾಗಲೂ ಅಲ್ಲೇ. ಆದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹನುಮಂತಪ್ಪ ಸರ್ಕಲ್ಲಿನಲ್ಲಿ ನಿಂತಿರುವಾಗ 1ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಮೊದಲ ಸಲ ಇದನ್ನು ಕಂಡ ದಿನ ಚಿಕ್ಕಪ್ಪ ಫೋನ್ ಮಾಡಿದ್ದರು. "ಎಂತದೋ ಇದು, ಎಂಜಿನ್ ಹೋಯ್ತಾ?"

ಹೋಗಿರಲಿಲ್ಲ. ಜೋನಿ ಬೆಲ್ಲ ನೆನಪಿಸಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಡಬ್ಬಿ ಬಗ್ಗಿಸಿದರೂ ಬೀಳುವುದಿಲ್ಲ. ಬಿಸಿ ಮಾಡಿದರೆ ನೀರಿನಂತೆ ಹರಿಯುತ್ತದೆ. ಆಯಿಲ್ ಕೂಡ ಹಾಗೇ. ಬಿಸಿಯಾಗಿ ತೆಳುವಾದಾಗ, ಎಂಜಿನ್ ನಿಧಾನಕ್ಕೆ ತಿರುಗುವಾಗ, ಒತ್ತಡ ಇಳಿಯುವುದು ಸಹಜ. ಬಿಸಿ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ 0.3 ಬಾರ್‌ವರೆಗೆ ಇಳಿಯಬಹುದು ಎಂದು ಕಾರಿನ ಪುಸ್ತಕವೇ ಹೇಳುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಳ್ಳು ಮೇಲೇಳಬೇಕು. ನೋಡಬೇಕಾದದ್ದು ಅದನ್ನೇ. ಏಳದಿದ್ದರೆ, ಅಥವಾ ಓಡುವಾಗ ಸೊನ್ನೆಗೆ ಬಿದ್ದರೆ, ಎಂಜಿನ್ ಆಫ್ ಮಾಡಿ. ಎಷ್ಟೋ ಸಲ ಸೆನ್ಸರ್ ಕೆಟ್ಟು ಹೀಗಾಗಿರುತ್ತದೆ. ಆದರೆ ಅದನ್ನು ನಿಲ್ಲಿಸಿದ ಮೇಲೆ ಪತ್ತೆ ಮಾಡಬೇಕೇ ಹೊರತು ಓಡಿಸಿಕೊಂಡು ಅಲ್ಲ. ಆಯಿಲ್ ಇಲ್ಲದೆ ಎಂಜಿನ್ ಹಾಳಾಗಲು ನಿಮಿಷಗಳು ಸಾಕು.

ಇದೇ ಕಾರಿನಲ್ಲಿ ಹಳದಿ ಬಣ್ಣದ ಆಯಿಲ್ ದೀಪವೂ ಒಂದಿದೆ. ಅದು ಪ್ರೆಶರ್ ಅಲ್ಲ, ಲೆವೆಲ್. ಜನ ಇವೆರಡನ್ನು ಕಲಸಿಬಿಡುತ್ತಾರೆ. ತೋಟದವರಿಗೆ ಹೀಗೆ ಹೇಳಿದರೆ ಅರ್ಥವಾಗುತ್ತದೆ: ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹಾಯಿಸುವಾಗ ಕೆರೆಯಲ್ಲಿ ಎಷ್ಟು ನೀರಿದೆ ಅನ್ನುವುದು ಲೆವೆಲ್. ಸ್ಪ್ರಿಂಕ್ಲರ್ ಎಷ್ಟು ದೂರ ಚಿಮ್ಮುತ್ತದೆ ಅನ್ನುವುದು ಪ್ರೆಶರ್. ಕೆರೆ ತುಂಬಿದ್ದರೂ ಪಂಪು ಕೆಟ್ಟರೆ ಗಿಡಕ್ಕೆ ನೀರಿಲ್ಲ. ಹಳದಿ ದೀಪ ಹತ್ತಿದರೆ ಮುಂದಿನ ಬಂಕಿನಲ್ಲಿ ನಿಂತು ಡಿಪ್‌ಸ್ಟಿಕ್ ನೋಡಿ ಆಯಿಲ್ ಹಾಕಿಸಿದರೆ ಆಯಿತು. ಬೇರೆ ಎಷ್ಟೋ ಕಾರುಗಳಲ್ಲಿ ಇರುವ ಕೆಂಪು ಎಣ್ಣೆ ಗಿಂಡಿಯ ದೀಪ ಮಾತ್ರ ಪ್ರೆಶರಿನದ್ದು. ಅದು ಓಡುವಾಗ ಹತ್ತಿದರೆ ಬಂಕಿನವರೆಗೂ ಹೋಗುವಂತಿಲ್ಲ.

ಬ್ರೇಕಿನ ದೀಪಗಳು

ಕೆಂಪು ದೀಪ ಅಂದರೆ ನಿಲ್ಲು, ಹಳದಿ ಅಂದರೆ ಬೇಗ ತೋರಿಸು. ಇಷ್ಟು ಎಲ್ಲರಿಗೂ ಗೊತ್ತು. ಬ್ರೇಕಿನ ಕೆಂಪು ದೀಪದಲ್ಲಿ ಗೊಂದಲ ಏನೆಂದರೆ ಅದು ಎರಡು ಕೆಲಸ ಮಾಡುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಹತ್ತುತ್ತದೆ, ಬ್ರೇಕ್ ಆಯಿಲ್ ಕಡಿಮೆಯಾದರೂ ಹತ್ತುತ್ತದೆ. ಘಾಟಿಯ ತಿರುವಿನಲ್ಲಿ ಮಾತ್ರ ಮಿನುಗಿ ಆರುತ್ತಿದ್ದರೆ ಡಬ್ಬಿಯಲ್ಲಿ ಆಯಿಲ್ ಗಡಿಯ ಹತ್ತಿರ ಇದೆ, ತಿರುವಿಗೆ ಒಂದು ಕಡೆ ವಾಲಿದಾಗ ತೋರಿಸುತ್ತಿದೆ ಎಂದರ್ಥ. ತಕ್ಷಣ ಸುರಿದು ತುಂಬಿಸಿ ಸುಮ್ಮನಾಗಬೇಡಿ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನೇ ಇಳಿಯುತ್ತದೆ. ಹಾಗಾಗಿ ಮೊದಲು ಪ್ಯಾಡ್ ನೋಡಿಸಿ, ಆಮೇಲೆ ಸೋರಿಕೆ ಇದೆಯೇ ನೋಡಿಸಿ.

ಪ್ಯಾಡಿಗೆ ಬೇರೆ ದೀಪವಿದೆ. ಮುಂದಿನ ಪ್ಯಾಡಿನೊಳಗೆ ಒಂದು ಸಣ್ಣ ವೈರು ಹುದುಗಿರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ವೈರಿನ ತುದಿ ತಿರುಗುವ ಡಿಸ್ಕಿಗೆ ತಾಗುತ್ತದೆ. ತಾಗಿದಾಗ ದೀಪ ಹತ್ತುತ್ತದೆ. ಮೊದಮೊದಲು ಬ್ರೇಕ್ ಒತ್ತಿದಾಗ ಮಾತ್ರ ಹತ್ತಿ, ಬಿಟ್ಟಾಗ ಆರುತ್ತದೆ. ಶಿರಾಡಿ ಇಳಿಯುವಾಗ ಹೀಗೆ ಕಂಡರೆ ವಾಪಸ್ ಬಂದ ಮೇಲೆ ನೋಡೋಣ ಎನ್ನಬೇಡಿ. ಮೆಲ್ಲಗೆ, ಕೆಳಗಿನ ಗೇರಿನಲ್ಲಿ ಇಳಿದು ಸಿಕ್ಕಿದ ಮೊದಲ ಊರಿನಲ್ಲೇ ಪ್ಯಾಡ್ ಹಾಕಿಸಿ.

ಆದರೆ ಘಾಟಿಯಲ್ಲಿ ಬ್ರೇಕಿಗೆ ಬರುವ ದೊಡ್ಡ ಅಪಾಯಕ್ಕೆ ಯಾವ ದೀಪವೂ ಇಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಕಾಲು ಬ್ರೇಕಿನ ಮೇಲೇ ಇಟ್ಟು ಘಾಟಿ ಇಳಿದರೆ ಈ ಬಿಸಿ ದೊಡ್ಡದಲ್ಲ. ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ದೀಪ ಸುಮ್ಮನೇ ಇರುತ್ತದೆ. ತಿಂಗಳುಗಟ್ಟಲೆ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದಕ್ಕೆ ದೀಪ ಹತ್ತಲಿ ಎಂದು ಕಾಯುವಂತಿಲ್ಲ.

ಎಬಿಎಸ್ ದೀಪ ಹತ್ತಿದರೆ ಮಾಮೂಲಿ ಬ್ರೇಕ್ ಇರುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಇರುವುದಿಲ್ಲ. ಕಾರಣ ಮಾತ್ರ ಬ್ರೇಕಿನಲ್ಲೇ ಇರಬೇಕೆಂದಿಲ್ಲ. ಚಕ್ರದ ಬಳಿಯ ಸೆನ್ಸರಿಗೆ ಕೆಸರು ಮೆತ್ತಿರಬಹುದು. ಬ್ಯಾಟರಿ ವೋಲ್ಟೇಜ್ ಇಳಿದಿರಬಹುದು. ಈ ವಯಸ್ಸಿನ ಬೆಂಜ್‌ಗಳಲ್ಲಿ ಇನ್ನೊಂದು ಹಳೇ ಗಿರಾಕಿ ಇದೆ: ಬ್ಯಾಟರಿಯ ಹತ್ತಿರ, ತಲೆಯ ಮೇಲೆ ಫ್ಯೂಸ್ ಹೊತ್ತ ಒಂದು ಪುಟ್ಟ ರಿಲೇ. ವೋಲ್ಟೇಜ್ ಹೆಚ್ಚಾದಾಗ ಎಲೆಕ್ಟ್ರಾನಿಕ್ ಭಾಗಗಳನ್ನು ಕಾಯುವುದು ಅದರ ಕೆಲಸ. ವರ್ಷಗಳ ಬಿಸಿಗೆ ಒಳಗಿನ ಬೆಸುಗೆ ಬಿರುಕು ಬಿಟ್ಟರೆ ಎಬಿಎಸ್‌ಗೆ ಕರೆಂಟು ತಪ್ಪುತ್ತದೆ. ದೀಪ ಹತ್ತುತ್ತದೆ, ಎಂಜಿನ್ ಕೂಡ ಒಮ್ಮೊಮ್ಮೆ ತಡವರಿಸುತ್ತದೆ. ಎಬಿಎಸ್ ಯೂನಿಟ್ಟೇ ಹೋಗಿದೆ ಎಂದು ಯಾರಾದರೂ ದೊಡ್ಡ ಬಿಲ್ ಹೇಳಿದರೆ ಮೊದಲು ಆ ರಿಲೇ ನೋಡಿದಿರಾ ಎಂದು ಕೇಳಿ.

ಬಲ್ಬು ಕೆಟ್ಟಿದೆ ಎನ್ನುವ ದೀಪಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಬಲ್ಬಿಗೂ ಎಷ್ಟು ಕರೆಂಟು ಹೋಗುತ್ತಿದೆ ಎಂದು ಅದು ನೋಡುತ್ತದೆ. ಹಿಂದಿನ ಲೈಟಿಗೆ ಶೋಕಿಗೆ ಎಲ್‌ಇಡಿ ಹಾಕಿಸಿದ್ದರೆ ಬಲ್ಬು ಉರಿಯುತ್ತಿದ್ದರೂ ದೀಪ ಹತ್ತಿಕೊಂಡೇ ಇರುತ್ತದೆ.

ನೋಡಲು ಹೋದಾಗ

ಇಂಥ ಕಾರು ಕೊಳ್ಳಲು ಹೊರಟಿದ್ದೀರಾ? ಚಿಕ್ಕಪ್ಪನ ಕಾರಿನ ಬ್ಯಾಟರಿ ಬಲ್ಬು ತಾನಾಗಿ ಸುಟ್ಟಿತ್ತು. ಬೇಕೆಂದೇ ಬಲ್ಬು ಕಿತ್ತು ಮಾರುವವರೂ ಇದ್ದಾರೆ. ಇನ್ನೂ ಜಾಣರು ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪದ ವೈರನ್ನು ಬೇರೆ ದೀಪಕ್ಕೆ ಜೋಡಿಸುತ್ತಾರೆ. ಕೀ ಹಾಕಿದಾಗ ಹತ್ತುತ್ತದೆ, ಸ್ಟಾರ್ಟ್ ಆದಾಗ ಆರುತ್ತದೆ, ನೋಡಿದವರಿಗೆ ಎಲ್ಲ ಸರಿ. ಆದ್ದರಿಂದ ಬರೀ ಹತ್ತಿತೇ ಎಂದು ನೋಡಿದರೆ ಸಾಲದು. ಯಾವುದು ಯಾವಾಗ ಆರಿತು ಎಂದು ನೋಡಿ. ಕೀ ಹಾಕಿ ಸ್ಟಾರ್ಟ್ ಮಾಡದೆ ಹತ್ತು ಸೆಕೆಂಡ್ ಹಾಗೇ ಬಿಡಿ. ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಬ್ಯಾಟರಿ ದೀಪ ಹತ್ತಿಕೊಂಡೇ ಇರಬೇಕು. ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೇ ಆರಿದರೆ ಅನುಮಾನ ಪಡಿ.

ನೀವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಆಫ್ ಮಾಡಿಸಿ. ಅವರ ಮನೆಯಲ್ಲಿ ಕಾಫಿ ಕೊಡುತ್ತಾರೆ, ಕುಡಿಯಿರಿ. ಮಳೆ, ಮೆಣಸಿನ ರೇಟು, ಕಾಡುಕೋಣದ ಕಾಟ, ಮಾತಾಡಲು ಬೇಕಾದಷ್ಟಿದೆ. ಒಂದೆರಡು ಗಂಟೆ ಕಳೆದು ಬಾನೆಟ್ ಮುಟ್ಟಿದರೆ ಬಿಸಿ ಹತ್ತಬಾರದು. ಆಮೇಲೆ ಕೀ ಕೇಳಿ ಇಸಿದುಕೊಂಡು ನೀವೇ ತಿರುಗಿಸಿ, ಎಣಿಸಲು ಶುರು ಮಾಡಿ.